ಕಾರಿನ ಸಸ್ಪೆನ್ಷನ್ ಹದಗೊಳಿಸುವ ಕ್ರಮ: ಮುಂದೆ ಎಷ್ಟು, ಹಿಂದೆ ಎಷ್ಟು

ನಂದಿ ಬೆಟ್ಟದ ರಸ್ತೆಯಲ್ಲಿ ಕಾರು ಓಡಿಸಿದವರಿಗೆ ಈ ಅನುಭವ ಹೊಸದಲ್ಲ. ತಿರುವಿನೊಳಗೆ ಹೊಕ್ಕ ಮೇಲೆ ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸಿದರೂ ಕಾರಿನ ಮೂತಿ ತಿರುಗದೆ ಹೊರ ಅಂಚಿನತ್ತ ಎಳೆದುಕೊಂಡು ಹೋಗುತ್ತದೆ, ಮುಂದಿನ ಟೈರುಗಳು ಕೀರಲು ದನಿ ತೆಗೆಯುತ್ತವೆ. ಮನೆಗೆ ಬಂದ ಮೇಲೆ ಹೆಚ್ಚಿನವರ ತೀರ್ಮಾನ ಒಂದೇ: ಸಸ್ಪೆನ್ಷನ್ ಮೆತ್ತಗಾಗಿದೆ, ಗಟ್ಟಿ ಸ್ಪ್ರಿಂಗ್ ಹಾಕಿಸಬೇಕು. ನಾನೂ ಹಿಂದೊಮ್ಮೆ ಹಾಗೆಯೇ ತೀರ್ಮಾನಿಸಿ, ಒಂದು ಗ್ಯಾರೇಜಿನಲ್ಲಿ ಮುಂದಿನ ಸ್ಪ್ರಿಂಗುಗಳ ಒಂದೊಂದು ಸುತ್ತನ್ನು ಕತ್ತರಿಸಿಸಿದೆ. ಕಾರು ನೋಡಲು ಚೆನ್ನಾಗಿ ತಗ್ಗಿತು, ಆದರೆ ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ಜಾರತೊಡಗಿತು. ಆ ತಪ್ಪಿನ ಕಾರಣ ಅರ್ಥವಾಗಲು ನನಗೆ ಒಂದು ವರ್ಷ ಹಿಡಿಯಿತು. ಆಗ ಕಲಿತದ್ದನ್ನು ಕೆಲಸ ಮಾಡುವ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ.

ಈ ಬರಹ ಮುಖ್ಯವಾಗಿ ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ, ಮುಂದಿನ ಚಕ್ರಗಳಿಂದ ಎಳೆಯುವ ಸಣ್ಣ ಕಾರುಗಳನ್ನು ಕುರಿತದ್ದು. ಸ್ವಿಫ್ಟ್, ಬಲೆನೊ, ಐ20, ಪೋಲೊ ಇವೆಲ್ಲವುಗಳ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿ ಚಕ್ರವನ್ನು ಹಿಡಿದು ನಿಲ್ಲಿಸುವ ಒಂದೇ ಕಂಬ), ಹಿಂದೆ ಟಾರ್ಷನ್ ಬೀಮ್ (ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ತೊಲೆ) ಇರುತ್ತದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ಮುಂದೆಯೇ ಕೂತಿರುವುದರಿಂದ ಇಂಥ ಕಾರಿನ ತೂಕದಲ್ಲಿ ನೂರಕ್ಕೆ ಅರವತ್ತರಷ್ಟು ಭಾಗ ಮುಂದಿನ ಎರಡು ಟೈರುಗಳ ಮೇಲೆಯೇ ಬೀಳುತ್ತದೆ. ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಪಾಲು ಹೊರುವುದು ಎಲ್ಲವೂ ಆ ಎರಡೇ ಟೈರುಗಳ ಕೆಲಸ. ಆದ್ದರಿಂದ ಮೊದಲು ಸೋಲುವುದೂ ಅವೇ.

ಭಾರದ ಲೆಕ್ಕ

ಮುಂದಿನ ಟೈರುಗಳು ಮೊದಲು ಹಿಡಿತ ಬಿಟ್ಟರೆ ಅದು ಅಂಡರ್‌ಸ್ಟಿಯರ್, ಹಿಂದಿನವು ಮೊದಲು ಬಿಟ್ಟು ಬಾಲ ಬೀಸಿದರೆ ಅದು ಓವರ್‌ಸ್ಟಿಯರ್. ಎರಡೂ ತುದಿಗಳು ಹೆಚ್ಚುಕಡಿಮೆ ಒಟ್ಟಿಗೆ ಮಿತಿ ಮುಟ್ಟುವ ಕಾರನ್ನು ಸಮತೋಲದ ಕಾರು ಎನ್ನುತ್ತೇವೆ. ಇಲ್ಲಿ ಗಮನಿಸಬೇಕಾದದ್ದು, ಸಮತೋಲವೆಂಬುದು ಗಟ್ಟಿತನದ ಪ್ರಮಾಣವಲ್ಲ, ಮುಂದಿನ ಗಟ್ಟಿತನಕ್ಕೂ ಹಿಂದಿನ ಗಟ್ಟಿತನಕ್ಕೂ ಇರುವ ಅನುಪಾತ.

ತಿರುವಿನಲ್ಲಿ ಒಳಗಿನ ಟೈರುಗಳಿಂದ ಹೊರಗಿನ ಟೈರುಗಳಿಗೆ ಭಾರ ಸರಿಯುತ್ತದೆ. ಚಾಲಕನೂ ಸೇರಿ 1,000 ಕಿಲೋ ತೂಗುವ, ಗುರುತ್ವ ಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರದಲ್ಲಿರುವ, ಎಡಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿರುವ ಕಾರೊಂದು ಗುರುತ್ವದ ಅರ್ಧದಷ್ಟು ಪಕ್ಕಬಲದಲ್ಲಿ ತಿರುಗುತ್ತಿದ್ದರೆ, ಹೀಗೆ ಸರಿಯುವ ಭಾರ ಸುಮಾರು 180 ಕಿಲೋ. ಸ್ಪ್ರಿಂಗನ್ನಾಗಲಿ, ಎಡಬಲ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಡೆಯುವ ಸ್ಟೆಬಿಲೈಸರ್ ಬಾರನ್ನಾಗಲಿ ಎಷ್ಟು ಗಟ್ಟಿ ಮಾಡಿದರೂ ಈ 180 ಕಿಲೋ ಕಡಿಮೆಯಾಗುವುದಿಲ್ಲ. ಕಾರು ವಾಲುವುದು ಕಡಿಮೆಯಾಗಬಹುದು, ಭಾರ ಸರಿಯುವುದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ನಾವು ಬದಲಿಸಬಹುದಾದದ್ದು, ಆ 180 ಕಿಲೋದಲ್ಲಿ ಎಷ್ಟನ್ನು ಮುಂದಿನ ಹೊರ ಟೈರು ಹೊರಬೇಕು, ಎಷ್ಟನ್ನು ಹಿಂದಿನ ಹೊರ ಟೈರು ಹೊರಬೇಕು ಎಂಬುದನ್ನು ಮಾತ್ರ. ಯಾವ ತುದಿ ಗಟ್ಟಿಯಾಗಿದೆಯೋ ಆ ತುದಿಗೆ ಹೆಚ್ಚು ಪಾಲು ಹೋಗುತ್ತದೆ.

ಹೆಚ್ಚು ಪಾಲು ಹೋದರೆ ನಷ್ಟವೇನು ಎಂದು ಕೇಳಬಹುದು. ಟೈರಿನ ಮೇಲಿನ ಭಾರ ಎರಡರಷ್ಟಾದರೆ ಅದರ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆಯೇ ಆಗುತ್ತದೆ. ಅಂದರೆ ಒಂದು ಜೊತೆ ಟೈರುಗಳಲ್ಲಿ ಭಾರವನ್ನು ಸಮವಾಗಿ ಹಂಚಿದಾಗ ಸಿಗುವಷ್ಟು ಹಿಡಿತ, ಒಂದರ ಮೇಲೆಯೇ ಹೇರಿದಾಗ ಸಿಗುವುದಿಲ್ಲ. ಆದ್ದರಿಂದ ಮುಂದೆ ಗಟ್ಟಿ ಮಾಡಿದರೆ ಮುಂದಿನ ಜೊತೆಯ ಒಟ್ಟು ಹಿಡಿತ ಕುಗ್ಗಿ ಅಂಡರ್‌ಸ್ಟಿಯರ್ ಹೆಚ್ಚುತ್ತದೆ, ಹಿಂದೆ ಗಟ್ಟಿ ಮಾಡಿದರೆ ಓವರ್‌ಸ್ಟಿಯರ್‌ನ ಕಡೆಗೆ ಕಾರು ಸರಿಯುತ್ತದೆ. ಮುಂದಿನ ಸ್ಪ್ರಿಂಗನ್ನು ಕತ್ತರಿಸಿದಾಗ ನಾನು ಮಾಡಿದ್ದು ಇದನ್ನೇ: ಕೆಲಸ ಮಾಡುವ ಸುತ್ತುಗಳು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಅದೂ ಮೊದಲೇ ಸೋಲುತ್ತಿದ್ದ ತುದಿಯಲ್ಲಿ.

ಸವೆದದ್ದನ್ನು ಮೊದಲು ಬದಲಿಸಿ

ಲಕ್ಷ ಕಿಲೋಮೀಟರ್ ಹತ್ತಿರವಾದ ಕಾರಿನಲ್ಲಿ ಹದಗೊಳಿಸುವ ಮಾತು ಆಮೇಲಿನದು. ಲೋಯರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಕಾರಿನ ಮೈಗೆ ಸೇರಿಸುವ ತೋಳಿನ) ಬುಷ್, ಬಾಲ್ ಜಾಯಿಂಟ್, ಸ್ಟ್ರಟ್ ಮೌಂಟ್, ಸ್ಟೆಬಿಲೈಸರ್ ಲಿಂಕ್, ಟೈ ರಾಡ್ ಎಂಡ್ (ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿ), ಹಿಂದಿನ ಬೀಮಿನ ಬುಷ್ ಇವುಗಳಲ್ಲಿ ಒಂದು ಸಡಿಲವಾಗಿದ್ದರೂ ನೀವು ಅಳೆದು ಇಟ್ಟ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಪ್ರಮಾಣ), ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಪ್ರಮಾಣ) ಯಾವುದೂ ಓಡುವಾಗ ಇದ್ದಲ್ಲಿ ಇರುವುದಿಲ್ಲ. ಕಾರನ್ನು ಜಾಕಿಯಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ಕೂರಿಸಿ, ಚಕ್ರದ ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಲೊಟಗುಟ್ಟಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್, ಎಡಬಲ ಹಿಡಿದು ಅಲುಗಿಸಿದಾಗ ಲೊಟಗುಟ್ಟಿದರೆ ಟೈ ರಾಡ್ ಎಂಡ್ ಎಂದು ಮೊದಲು ಸಂಶಯಿಸಿ. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿದ್ದರೆ, ಟೈರಿನ ಮೇಲ್ಮೈ ಅಲ್ಲಲ್ಲಿ ತಗ್ಗುದಿಣ್ಣೆಯಾಗಿ ಸವೆದಿದ್ದರೆ, ಶಾಕುಗಳನ್ನು ಜೋಡಿಯಾಗಿಯೇ ಬದಲಿಸಿ, ಒಂದನ್ನು ಮಾತ್ರ ಬದಲಿಸಬೇಡಿ. ಬಾನೆಟ್ ಒತ್ತಿ ಕುಣಿಸಿ ನೋಡುವ ರೂಢಿ ಪೂರ್ತಿ ಸತ್ತ ಶಾಕನ್ನು ಮಾತ್ರ ತೋರಿಸುತ್ತದೆ, ಅರ್ಧ ಸತ್ತದ್ದು ಅದರಲ್ಲಿ ಪಾಸಾಗಿಬಿಡುತ್ತದೆ.

ಬುಷ್ ಬದಲಿಸುವಾಗ ನಮ್ಮ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಆಗುವ ಒಂದು ತಪ್ಪನ್ನು ಇಲ್ಲಿ ವಿವರವಾಗಿ ಹೇಳಬೇಕು. ಲೋಯರ್ ಆರ್ಮಿನ ರಬ್ಬರ್ ಬುಷ್ ಬೇರಿಂಗಿನಂತೆ ಜಾರಿ ತಿರುಗುವುದಿಲ್ಲ. ಬುಷ್‌ನ ಒಳಗಿನ ಕಬ್ಬಿಣದ ಕೊಳವೆ ಬೋಲ್ಟಿನಿಂದ ಬಿಗಿದು ನಿಂತಿರುತ್ತದೆ, ಹೊರಗಿನದು ಆರ್ಮಿನ ಜೊತೆ ತಿರುಗುತ್ತದೆ, ನಡುವಿನ ರಬ್ಬರ್ ತಿರುಚಿಕೊಳ್ಳುತ್ತದೆ. ಕಾರನ್ನು ಎತ್ತಿ ಚಕ್ರ ಜೋತುಬಿದ್ದಿರುವಾಗಲೇ ಆ ಬೋಲ್ಟನ್ನು ಬಿಗಿದರೆ, ಜೋತುಬಿದ್ದ ಸ್ಥಿತಿಯೇ ರಬ್ಬರಿಗೆ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಕಾರನ್ನು ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಹಗಲೂ ರಾತ್ರಿ ಹಾಗೆಯೇ ನಿಂತಿರುತ್ತದೆ, ಕಾರು ಇರಬೇಕಾದದ್ದಕ್ಕಿಂತ ತುಸು ಎತ್ತರ ನಿಲ್ಲುತ್ತದೆ, ಕೆಲವೇ ತಿಂಗಳಲ್ಲಿ ಬುಷ್ ಹರಿಯುತ್ತದೆ. ಬೋಲ್ಟನ್ನು ಕೈಬಿಗಿಯಷ್ಟೇ ಮಾಡಿ, ಕಾರನ್ನು ನಾಲ್ಕೂ ಚಕ್ರಗಳ ಮೇಲೆ ನಿಲ್ಲಿಸಿ, ಎರಡು ಸಲ ಹಿಂದೆ ಮುಂದೆ ಉರುಳಿಸಿ, ಆಮೇಲೆ ಪಿಟ್ಟಿನೊಳಗಿಂದ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಇದನ್ನು ಹೇಳಿದಾಗ ಮೆಕ್ಯಾನಿಕ್ ಒಬ್ಬರು "ಸಾರ್, ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ" ಎಂದು ನಕ್ಕರು, ಆದರೆ ಪಿಟ್ಟಿಗೆ ಇಳಿದು ಬಿಗಿದುಕೊಟ್ಟರು.

ಟೈರು ಮತ್ತು ಗಾಳಿ

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ತಯಾರಿಕೆಯ ಗುರುತು ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೆಯ ವಾರದ ಟೈರು. ರಬ್ಬರ್ ಹಳತಾಗಿ ಗಡುಸಾದ ಟೈರನ್ನು ಯಾವ ಸಸ್ಪೆನ್ಷನ್ನೂ ಉಳಿಸಲಾರದು. ಎರಡೇ ಹೊಸ ಟೈರು ಕೊಳ್ಳುವ ಸಂದರ್ಭ ಬಂದರೆ ಅವನ್ನು ಹಿಂದಕ್ಕೆ ಹಾಕಿ. ಎಳೆಯುವ ಚಕ್ರಕ್ಕೇ ಹೊಸದು ಬೇಕೆಂಬುದು ನಮ್ಮಲ್ಲಿ ಬೇರೂರಿದ ಮಾತು, ಟೈರು ತಯಾರಕರ ಸಲಹೆ ಅದಕ್ಕೆ ವಿರುದ್ಧವಾಗಿದೆ. ಮಳೆಯಲ್ಲಿ ಮುಂದಿನ ಟೈರು ಜಾರಿದರೆ ಕಾಲು ತೆಗೆದು ನಿಧಾನಿಸುವ ಅವಕಾಶವಾದರೂ ಇರುತ್ತದೆ, ಹಿಂದಿನದು ಜಾರಿದರೆ ಸಾಮಾನ್ಯ ಚಾಲಕರಿಗೆ ಅಷ್ಟೂ ಸಿಗುವುದಿಲ್ಲ.

ಗಾಳಿಯ ಒತ್ತಡದ ಮೂಲ ಅಂಕಿಯನ್ನು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಿಂದ ತೆಗೆದುಕೊಳ್ಳಿ. ಟೈರಿನ ಮೇಲೆ ಅಚ್ಚಾಗಿರುವುದು ಅದರ ಗರಿಷ್ಠ ಮಿತಿಯೇ ಹೊರತು ನಿಮ್ಮ ಕಾರಿನ ಅಂಕಿಯಲ್ಲ. ಕಾರು ಕನಿಷ್ಠ ಮೂರು ಗಂಟೆ ನಿಂತ ಮೇಲೆ, ಬೆಳಗಿನ ತಂಪಿನಲ್ಲಿ, ನಿಮ್ಮದೇ ಗೇಜಿನಿಂದ ಅಳೆಯಿರಿ. ಉಷ್ಣಾಂಶ ಐದಾರು ಡಿಗ್ರಿ ಏರಿದರೆ ಸುಮಾರು 1 ಪಿಎಸ್‌ಐ ಏರುತ್ತದೆ. ಬಿಸಿಲಿನಲ್ಲಿ ಹೆದ್ದಾರಿಯ ಮೇಲೆ ಬಾಗೇಪಲ್ಲಿಯವರೆಗೆ ಹೋಗಿ ಅಲ್ಲಿ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಸಿದರೆ ಬಿಸಿ ಟೈರಿಗೆ ತಣ್ಣನೆಯ ಅಂಕಿ ಕೊಟ್ಟಂತಾಗಿ, ಮರುದಿನ ಬೆಳಿಗ್ಗೆ ನಾಲ್ಕೈದು ಪಿಎಸ್‌ಐ ಕಡಿಮೆ ಇರುತ್ತದೆ.

ಆಮೇಲೆ ಸೀಮೆಸುಣ್ಣದ ಪರೀಕ್ಷೆ. ಟೈರಿನ ಮೇಲ್ಮೈಯ ಅಂಚಿನಿಂದ ಟೈರಿನ ಪಕ್ಕದ ಗೋಡೆಯವರೆಗೆ (ಸೈಡ್‌ವಾಲ್) ಅಡ್ಡವಾಗಿ ಮೂರು ಕಡೆ ದಪ್ಪನೆಯ ಗೆರೆ ಎಳೆದು, ತಿರುವುಗಳಲ್ಲಿ ಓಡಿಸಿ ಬಂದು ನೋಡಿ. ಗೆರೆ ಪಕ್ಕದ ಗೋಡೆಯ ಮೇಲೆಯೂ ಅಳಿಸಿಹೋಗಿದ್ದರೆ ಟೈರು ಮಗ್ಗುಲಾಗುತ್ತಿದೆ, ಆ ಜೊತೆಗೆ 2 ಪಿಎಸ್‌ಐ ಹೆಚ್ಚಿಸಿ. ಗೆರೆ ಅಳಿಯುವುದು ಟೈರಿನ ಭುಜದವರೆಗೂ ಬಾರದೆ ಮೇಲ್ಮೈಯಲ್ಲಿಯೇ ನಿಂತಿದ್ದರೆ ಗಾಳಿ ಹೆಚ್ಚಾಗಿದೆ. ಎರಡೆರಡರ ಹೆಜ್ಜೆಯಲ್ಲಿ ಬದಲಿಸಿ, ಚೀಟಿಯ ಅಂಕಿಗಿಂತ ಕೆಳಗೆ ಮಾತ್ರ ಇಳಿಯಬೇಡಿ. ಈ ಹಂತಕ್ಕೆ ಆಗುವ ಖರ್ಚು ಒಂದು ಸೀಮೆಸುಣ್ಣ. ನನ್ನ ಕಾರಿನಲ್ಲಿ ಕಾಲುಭಾಗದಷ್ಟು ತೊಂದರೆ ಇಷ್ಟಕ್ಕೇ ಹೋಯಿತು.

ಆಷಾಢದಲ್ಲಿ ಕಲ್ಯಾಣ ಮಂಟಪ

ಅಳೆಯದೆ ಹದ ಮಾಡಲು ಬರುವುದಿಲ್ಲ, ಅಳೆಯಲು ನಂದಿ ಬೆಟ್ಟದ ರಸ್ತೆ ತಕ್ಕ ಜಾಗವಲ್ಲ. ಅಲ್ಲಿ ಎದುರಿನಿಂದ ಯಾರು ಬರುತ್ತಾರೆಂದು ಗೊತ್ತಿರುವುದಿಲ್ಲ, ಎರಡು ತಿರುವುಗಳು ಒಂದೇ ಥರ ಇರುವುದೂ ಇಲ್ಲ. ಬೇಕಾದದ್ದು ಸುಮಾರು 40 ಮೀಟರ್ ಉದ್ದಗಲದ, ಸಮತಟ್ಟಾದ, ಗಟ್ಟಿ ನೆಲದ ಖಾಸಗಿ ಜಾಗ. ಹೆದ್ದಾರಿಯ ಪಕ್ಕದ ದೊಡ್ಡ ಕಲ್ಯಾಣ ಮಂಟಪಗಳ ಪಾರ್ಕಿಂಗ್ ಅಂಗಳ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆಷಾಢದಲ್ಲಿ ಮದುವೆಗಳು ಇರುವುದಿಲ್ಲವಾದ್ದರಿಂದ ಮ್ಯಾನೇಜರನ್ನು ಕೇಳಿ ಒಪ್ಪಿಗೆ ಪಡೆದರೆ ಬೆಳಿಗ್ಗೆ ಎರಡು ಗಂಟೆ ಯಾರ ತಂಟೆಯೂ ಇಲ್ಲದೆ ಕೆಲಸ ಮಾಡಬಹುದು. ನಾಯಿಗಳನ್ನು ಓಡಿಸಿ, ಕಾವಲುಗಾರರನ್ನು ಕಾಂಪೌಂಡಿನ ಹೊರಗೆ ನಿಲ್ಲಿಸಿ.

ನಡುವೆ ಒಂದು ಇಟ್ಟಿಗೆ ಇಟ್ಟು, 15 ಮೀಟರ್ ಹಗ್ಗದ ತುದಿಗೆ ಸುಣ್ಣದ ಡಬ್ಬಿ ಹಿಡಿದು ವೃತ್ತವೊಂದನ್ನು ಗುರುತು ಮಾಡಿ. ಚಕ್ರಗಳು ನೇರವಾಗಿರುವಾಗ ಸ್ಟಿಯರಿಂಗಿನ ನೆತ್ತಿಗೆ, ಅಂದರೆ ಗಡಿಯಾರದ ಹನ್ನೆರಡರ ಜಾಗಕ್ಕೆ, ಬಿಳಿ ಟೇಪಿನ ತುಂಡೊಂದನ್ನು ಅಂಟಿಸಿ. ಬಲಕ್ಕೆ ತಿರುಗುತ್ತಾ, ಎರಡನೆಯ ಗೇರಿನಲ್ಲಿ ಗೆರೆಯನ್ನು ಬಿಡದಂತೆ ಗಂಟೆಗೆ 15 ಕಿ.ಮೀ. ವೇಗದಲ್ಲಿ ಸುತ್ತಿ ಟೇಪು ಎಲ್ಲಿದೆ ಎಂದು ನೋಡಿ. ಆಮೇಲೆ 25, 30, 35ರಲ್ಲಿ ಒಂದೊಂದು ಸುತ್ತು ಹಾಕಿ. ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಳ್ಳಲಿ. 15 ಮೀಟರ್ ವೃತ್ತದಲ್ಲಿ 30 ಕಿ.ಮೀ. ವೇಗವೆಂದರೆ ಗುರುತ್ವದ ಅರ್ಧಕ್ಕೆ ಹತ್ತಿರದ ಪಕ್ಕಬಲ, 35ರಲ್ಲಿ ಅದು 0.64ರಷ್ಟಾಗುತ್ತದೆ. ಅದಕ್ಕಿಂತ ಹೆಚ್ಚು ವೇಗದ ಅಗತ್ಯವಿಲ್ಲ.

ವೇಗ ಏರಿದಂತೆ ಅದೇ ವೃತ್ತದಲ್ಲಿ ಉಳಿಯಲು ಸ್ಟಿಯರಿಂಗನ್ನು ಹೆಚ್ಚು ತಿರುಗಿಸಬೇಕಾಗಿ ಬಂದರೆ ಅದೇ ಅಂಡರ್‌ಸ್ಟಿಯರಿನ ಅಳತೆ. ನನ್ನ ಕಾರಿನಲ್ಲಿ ನಿಧಾನವಾಗಿ ಸುತ್ತುವಾಗ ಟೇಪು ನಾಲ್ಕೂವರೆ ಗಂಟೆಯ ಜಾಗದಲ್ಲಿತ್ತು, 35ರಲ್ಲಿ ಆರೂವರೆಗೆ ಹೋಗಿತ್ತು. ಮುಂದೆ ಹೇಳುವ ಕೆಲಸಗಳನ್ನು ಒಂದೊಂದಾಗಿ ಮುಗಿಸಿದ ಮೇಲೆ ಐದೂವರೆಯಲ್ಲಿ ನಿಂತಿತು. ಎಡಕ್ಕೂ ಇದೇ ಪರೀಕ್ಷೆ ಮಾಡಿ. ಎಡಬಲಗಳ ನಡುವೆ ವ್ಯತ್ಯಾಸ ಕಂಡರೆ ಅಲೈನ್‌ಮೆಂಟಿನಲ್ಲಿಯೋ ಒಂದು ಬದಿಯ ಶಾಕಿನಲ್ಲಿಯೋ ದೋಷವಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ ಕೂಡಲೇ ಪುಸ್ತಕದಲ್ಲಿ ಬರೆಯಿರಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಆಮೇಲೆ ದೇವರಿಗೂ ಗೊತ್ತಾಗುವುದಿಲ್ಲ.

ದಾರ, ತೂಗುಗುಂಡು, ತಗಡು

ಕಂಪ್ಯೂಟರ್ ಅಲೈನ್‌ಮೆಂಟ್ ಬೇಡವೆಂದು ಹೇಳುತ್ತಿಲ್ಲ. ಆದರೆ ಎಲ್ಲ ಅಂಕಿಗಳೂ ಹಸಿರು ಬಣ್ಣದಲ್ಲಿರುವ ಕಾಗದ ಕೈಗೆ ಬಂದ ಮೇಲೂ ಸ್ಟಿಯರಿಂಗ್ ಸೊಟ್ಟಗಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಹಸಿರು ಎಂದರೆ ತಯಾರಕರು ಹೇಳಿದ ವ್ಯಾಪ್ತಿಯೊಳಗಿದೆ ಎಂದಷ್ಟೇ ಅರ್ಥ, ಆ ವ್ಯಾಪ್ತಿ ಅಗಲವಾಗಿರುತ್ತದೆ. ಮನೆಯಲ್ಲಿಯೇ ಅಳೆಯಲು ಬಂದರೆ ಅಂಗಡಿಯಲ್ಲಿ ಏನು ಕೇಳಬೇಕೆಂಬುದೂ ಗೊತ್ತಾಗುತ್ತದೆ.

ಮೊದಲು ಕ್ಯಾಂಬರ್, ಆಮೇಲೆ ಟೋ. ಕ್ಯಾಂಬರ್ ಬದಲಾದರೆ ಟೋ ತಾನಾಗಿ ಬದಲಾಗುತ್ತದೆಯಾದ್ದರಿಂದ ಈ ಕ್ರಮವನ್ನು ತಿರುವುಮುರುವು ಮಾಡಬಾರದು. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಗಾರೆ ಮೇಸ್ತ್ರಿಗಳ ತೂಗುಗುಂಡನ್ನು ಫೆಂಡರಿನಿಂದ ಚಕ್ರದ ನಡುವಿನ ಮುಂದೆ ಇಳಿಬಿಡಿ. ದಾರದಿಂದ ರಿಮ್ಮಿನ ಮೇಲಿನ ಅಂಚಿಗೆ, ಕೆಳಗಿನ ಅಂಚಿಗೆ ಇರುವ ದೂರಗಳನ್ನು ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ. 14 ಅಥವಾ 15 ಇಂಚಿನ ರಿಮ್ಮಿನಲ್ಲಿ ಮೇಲಿನ ಅಂಚು ಸುಮಾರು 7 ಮಿ.ಮೀ. ಒಳಕ್ಕೆ ವಾಲಿದ್ದರೆ ಅದು ಒಂದು ಡಿಗ್ರಿ ನೆಗೆಟಿವ್ ಕ್ಯಾಂಬರ್. ಮುಂದಿನ ಟೈರುಗಳಿಗೆ ಒಂದು ಡಿಗ್ರಿಯ ಆಸುಪಾಸು ನೆಗೆಟಿವ್ ಕೊಟ್ಟರೆ ತಿರುವಿನಲ್ಲಿ ಕಾರು ವಾಲಿದಾಗ ಹೊರ ಟೈರು ನೆಲಕ್ಕೆ ಚಪ್ಪಟೆಯಾಗಿ ಕೂರುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ಟೈರಿನ ಒಳ ಅಂಚು ಸವೆಯುತ್ತದೆ, ನೇರ ರಸ್ತೆಯಲ್ಲಿ ಬ್ರೇಕಿನ ಹಿಡಿತವೂ ತಗ್ಗುತ್ತದೆ. ಎಡಬಲಗಳ ವ್ಯತ್ಯಾಸ ಅರ್ಧ ಡಿಗ್ರಿಯನ್ನು ಮೀರಬಾರದು. ಹೆಚ್ಚಿನ ಸ್ಟ್ರಟ್ ಕಾರುಗಳಲ್ಲಿ ಕ್ಯಾಂಬರಿಗೆ ಪ್ರತ್ಯೇಕ ಹೊಂದಾಣಿಕೆ ಇರುವುದಿಲ್ಲ. ಸ್ಟ್ರಟ್ಟನ್ನು ನಕಲ್ಲಿಗೆ, ಅಂದರೆ ಚಕ್ರವನ್ನು ಹೊತ್ತಿರುವ ಭಾಗಕ್ಕೆ, ಸೇರಿಸುವ ಎರಡು ಬೋಲ್ಟುಗಳಲ್ಲಿ ಒಂದರ ಜಾಗಕ್ಕೆ ಕ್ಯಾಂಬರ್ ಬೋಲ್ಟ್ ಹಾಕಬೇಕಾಗುತ್ತದೆ. ಅದರ ನಡುಭಾಗ ಕೇಂದ್ರದಿಂದ ಒಂದು ಬದಿಗೆ ಸರಿದಿರುವುದರಿಂದ ತಿರುಗಿಸಿದಷ್ಟೂ ಚಕ್ರ ಒಳಕ್ಕೋ ಹೊರಕ್ಕೋ ವಾಲುತ್ತದೆ. ಒಳ್ಳೆಯ ಗುಣಮಟ್ಟದ್ದನ್ನೇ ಕೊಳ್ಳಿ, ಏಕೆಂದರೆ ಮುಂದಿನ ಚಕ್ರ ನಿಂತಿರುವುದು ಆ ಬೋಲ್ಟಿನ ಬಿಗಿಯ ಮೇಲೆ.

ಟೋ ಅಳೆಯಲು ಸುಮಾರು ಎರಡು ಮೀಟರಿನ ಎರಡು ಚೌಕ ಪೈಪುಗಳು, ನಾಲ್ಕು ಸ್ಟ್ಯಾಂಡುಗಳು ಮತ್ತು ಮೀನು ಹಿಡಿಯುವ ನೈಲಾನ್ ದಾರ ಬೇಕು. ಎರಡು ಪೈಪುಗಳನ್ನೂ ಒಟ್ಟಿಗೆ ಹಿಡಿದು ಒಂದೇ ಅಂತರದಲ್ಲಿ ಗರಗಸದಿಂದ ಗೀರು ಹಾಕಿ. ಒಂದನ್ನು ಕಾರಿನ ಮುಂದೆ, ಇನ್ನೊಂದನ್ನು ಹಿಂದೆ ಇಟ್ಟು, ಗೀರುಗಳ ಮೂಲಕ ಎಡಕ್ಕೊಂದು ಬಲಕ್ಕೊಂದು ದಾರವನ್ನು ಚಕ್ರದ ನಡುವಿನ ಎತ್ತರಕ್ಕೆ ಬಿಗಿಯಾಗಿ ಎಳೆದರೆ ಎರಡು ದಾರಗಳೂ ತಾವಾಗಿ ಸಮಾನಾಂತರವಾಗಿರುತ್ತವೆ. ಮುಂದಿನ ಎರಡು ಹಬ್ಬುಗಳಿಂದ ದಾರಕ್ಕೆ ಇರುವ ದೂರ ಪರಸ್ಪರ ಸಮವಾಗುವವರೆಗೆ, ಹಾಗೆಯೇ ಹಿಂದಿನ ಎರಡರದೂ ಸಮವಾಗುವವರೆಗೆ ಪೈಪುಗಳನ್ನು ಸರಿಸಿ. ಮುಂದಿನ ಅಂಕಿಯೂ ಹಿಂದಿನ ಅಂಕಿಯೂ ಒಂದೇ ಆಗಿರಬೇಕಿಲ್ಲ. ಮುಂದಿನ ಚಕ್ರಗಳ ಕೆಳಗೆ, ನಡುವೆ ಗ್ರೀಸ್ ಹಚ್ಚಿದ ಎರಡೆರಡು ತಗಡುಗಳನ್ನು ಇಟ್ಟಿದ್ದರೆ ಟೈರು ನೆಲಕ್ಕೆ ಕಚ್ಚಿಕೊಳ್ಳದೆ ಸುಲಭವಾಗಿ ತಿರುಗುತ್ತದೆ.

ಈಗ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ 92 ಮಿ.ಮೀ., ಹಿಂದಿನ ಅಂಚಿನಿಂದ 95 ಮಿ.ಮೀ. ಬಂದಿತೆನ್ನಿ. ಮುಂದಿನ ಅಂಚು ದಾರಕ್ಕೆ ಹತ್ತಿರವಿದೆ ಎಂದರೆ ಚಕ್ರ ಹೊರಕ್ಕೆ ಮುಖ ಮಾಡಿದೆ. ಆ ಚಕ್ರದಲ್ಲಿ 3 ಮಿ.ಮೀ. ಟೋ-ಔಟ್ ಇದೆ. ರಿಮ್ಮಿನ ಮೇಲಿನ 1 ಮಿ.ಮೀ. ವ್ಯತ್ಯಾಸ ಸುಮಾರು 0.15 ಡಿಗ್ರಿಗೆ ಸಮ. ಟೋ-ಔಟ್ ಇದ್ದರೆ ಕಾರು ತಿರುವಿಗೆ ಚುರುಕಾಗಿ ಮೂತಿ ಹಾಕುತ್ತದೆ, ಆದರೆ ಹೆದ್ದಾರಿಯಲ್ಲಿ ಅಲೆದಾಡುತ್ತದೆ. ಟೋ-ಇನ್ ಇದ್ದರೆ ನೇರದಲ್ಲಿ ನೆಮ್ಮದಿ, ತಿರುವಿನ ಆರಂಭದಲ್ಲಿ ಸೋಮಾರಿತನ. ದಿನಬಳಕೆಯ ಕಾರಿಗೆ ಸೊನ್ನೆ, ಹೆಚ್ಚೆಂದರೆ ಒಂದು ಮಿಲಿಮೀಟರ್ ಟೋ-ಇನ್ ಸಾಕೆಂಬುದು ನನ್ನ ಅಭಿಪ್ರಾಯ. ಸ್ಟಿಯರಿಂಗನ್ನು ನೇರವಾಗಿ ಕಟ್ಟಿಹಾಕಿ, ಟೈ ರಾಡಿನ ಲಾಕ್ ನಟ್ ಸಡಿಲಿಸಿ, ಎರಡು ಬದಿಯನ್ನೂ ಕಾಲು ಸುತ್ತಿನ ಲೆಕ್ಕದಲ್ಲಿ ತಿರುಗಿಸುತ್ತಾ ಅಳೆಯುತ್ತಾ ಹೋಗಿ. ಹಿಂದಿನ ಬೀಮಿನಲ್ಲಿ ಟೋ, ಕ್ಯಾಂಬರ್ ಎರಡೂ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತವೆ. ಅಲ್ಲಿ ಎಡಬಲದಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಯಾವುದೋ ಗುಂಡಿಯಲ್ಲಿ ಬೀಮು ಬಾಗಿದೆ ಎಂದು ತಿಳಿಯಿರಿ.

ಇಲ್ಲಿಗೆ ನಿಲ್ಲಿಸಿದರೂ ನಷ್ಟವಿಲ್ಲ. ನನ್ನ ಪುಸ್ತಕದಲ್ಲಿ ಟೇಪು ಆರೂವರೆಯಿಂದ ಐದೂಮುಕ್ಕಾಲಿಗೆ ಬಂದದ್ದು ಈ ಹಂತದೊಳಗೇ.

ಬಾರ್, ಸ್ಪ್ರಿಂಗ್, ಶಾಕ್

ಇನ್ನೂ ಬೇಕೆನಿಸಿದರೆ ಮೊದಲು ಹಿಂದಿನ ಸ್ಟೆಬಿಲೈಸರ್ ಬಾರಿನ ಬಗ್ಗೆ ಯೋಚಿಸಿ. ಟಾರ್ಷನ್ ಬೀಮ್ ತಿರುಚಿಕೊಳ್ಳುವಾಗ ತಾನೇ ಒಂದು ಬಾರಿನಂತೆ ಕೆಲಸ ಮಾಡುತ್ತದೆ. ಅದಕ್ಕೆ ಜೊತೆಯಾಗಿ ಕೂರಿಸುವ ಬಾರುಗಳು ಕೆಲವು ಕಾರುಗಳಿಗೆ ಸಿಗುತ್ತವೆ. ಬಾರಿನ ಗಟ್ಟಿತನ ಅದರ ವ್ಯಾಸದ ನಾಲ್ಕನೆಯ ಘಾತದಷ್ಟು ಏರುತ್ತದೆ ಎಂಬುದನ್ನು ಮರೆಯಬೇಡಿ. 18 ಮಿ.ಮೀ. ಬಾರಿನ ಬದಲು 20 ಮಿ.ಮೀ. ಬಾರು ಹಾಕಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು, ಗಟ್ಟಿತನ ಮಾತ್ರ ಅರ್ಧಕ್ಕಿಂತ ತುಸು ಹೆಚ್ಚೇ ಏರುತ್ತದೆ. ಹಿಂದೆ ಅತಿಯಾದರೆ ಒಣ ರಸ್ತೆಯಲ್ಲಿ ಖುಷಿ ಕೊಡುವ ಕಾರು ಮೊದಲ ಮಳೆಯಲ್ಲಿ, ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಬಾಲ ಬೀಸುತ್ತದೆ. ಕಾರ್ಖಾನೆಯವರು ತುಸು ಅಂಡರ್‌ಸ್ಟಿಯರ್ ಉಳಿಸಿಯೇ ಕಾರನ್ನು ಕೊಡುವುದಕ್ಕೆ ಕಾರಣ ಇದೇ, ಗಾಬರಿಯಾದಾಗ ಎಲ್ಲರೂ ಮಾಡುವುದು ಕಾಲು ತೆಗೆಯುವುದನ್ನೇ. ಆ ತುಸುವನ್ನು ನೀವೂ ಉಳಿಸಿಕೊಳ್ಳಿ.

ಮುಂದಿನದನ್ನು ಮೆತ್ತಗೆ ಮಾಡಿದರೂ ಅದೇ ಫಲ ಸಿಗಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಲೆಕ್ಕದ ಪ್ರಕಾರ ಹೌದು, ಆದರೆ ಮ್ಯಾಕ್‌ಫರ್ಸನ್ ಸ್ಟ್ರಟ್ಟಿನಲ್ಲಿ ಕಾರು ವಾಲಿದಷ್ಟೂ ಹೊರ ಚಕ್ರದ ಕ್ಯಾಂಬರ್ ಕೆಡುತ್ತಾ ಹೋಗುತ್ತದೆ. ಮುಂದೆ ತೀರಾ ಮೆತ್ತಗಾದರೆ ಭಾರದ ಹಂಚಿಕೆಯಲ್ಲಿ ಗಳಿಸಿದ್ದನ್ನು ಕ್ಯಾಂಬರಿನಲ್ಲಿ ಕಳೆದುಕೊಳ್ಳುತ್ತೀರಿ. ಕೆಲವು ಕಾರುಗಳಲ್ಲಿ ಮುಂದೆ ಸ್ವಲ್ಪ ಗಟ್ಟಿ ಮಾಡಿದಾಗಲೇ ಮುಂದಿನ ಹಿಡಿತ ಹೆಚ್ಚುವುದುಂಟು.

ಸ್ಪ್ರಿಂಗನ್ನು ಆರಿಸುವಾಗ ಕುಣಿತದ ಆವರ್ತನವನ್ನು, ಅಂದರೆ ಕಾರು ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಕುಣಿಯುತ್ತದೆ ಎಂಬುದನ್ನು, ಲೆಕ್ಕ ಹಾಕಿ. ಒಂದು ಮೂಲೆಯ ಸ್ಪ್ರಿಂಗಿನ ಮೇಲೆ 250 ಕಿಲೋ ಇದ್ದು, ಗಟ್ಟಿತನ ಮಿಲಿಮೀಟರಿಗೆ 1.7 ಕಿಲೋ ಆಗಿದ್ದರೆ ಆವರ್ತನ ಸುಮಾರು 1.3 ಹರ್ಟ್ಸ್. ದಿನಬಳಕೆಯ ಕಾರುಗಳು ಸಾಮಾನ್ಯವಾಗಿ 1ರಿಂದ 1.5ರೊಳಗೆ ಇರುತ್ತವೆ. ಅಂಗಡಿಯವರು ಹೆಮ್ಮೆಯಿಂದ ತೋರಿಸುವ ಮಿಲಿಮೀಟರಿಗೆ 5 ಕಿಲೋದ ಕಾಯಿಲ್‌ಓವರನ್ನು (ಶಾಕಿನ ಸುತ್ತ ಸ್ಪ್ರಿಂಗ್ ಇರುವ, ಎತ್ತರ ಬದಲಿಸಬಹುದಾದ ಜೋಡಣೆ) ಅದೇ ಮೂಲೆಗೆ ಹಾಕಿದರೆ ಆವರ್ತನ ಸುಮಾರು 2.2ಕ್ಕೆ ಏರುತ್ತದೆ. ರೇಸ್ ಟ್ರ್ಯಾಕಿನ ನುಣುಪಿನಲ್ಲಿ ಅದು ಚೆನ್ನ, ಹಂಪುಗಳೂ ತೇಪೆಗಳೂ ತುಂಬಿದ ಶಿಡ್ಲಘಟ್ಟದ ರಸ್ತೆಯಲ್ಲಿ ಟೈರು ನೆಲ ಬಿಟ್ಟು ಎಗರುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತದ ಮಾತೇ ಇಲ್ಲ. ಹಿಂದಿನ ಆವರ್ತನ ಮುಂದಿನದಕ್ಕಿಂತ ತುಸು ಹೆಚ್ಚಿರಲಿ: ಹಂಪನ್ನು ಮೊದಲು ಮುಂದಿನ ಚಕ್ರ ಏರುತ್ತದೆ, ತಡವಾಗಿ ಏರುವ ಹಿಂಭಾಗ ಬೇಗ ಕುಣಿದು ಮುಂಭಾಗವನ್ನು ಸೇರಿಕೊಂಡರೆ ಕಾರು ತೊಟ್ಟಿಲಿನಂತೆ ತೂಗುವುದಿಲ್ಲ. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿದ್ದ ಎಂಜಿನಿಯರ್ ಮಾರಿಸ್ ಆಲಿ ಕಂಡುಕೊಂಡ ಸೂತ್ರವಿದು.

ತಗ್ಗಿಸುವ ಆಸೆಯಿದ್ದವರು ಶಾಕಿನ ದಂಡಕ್ಕೆ ಒಂದು ಕೇಬಲ್ ಟೈ ಬಿಗಿದು, ಅದನ್ನು ಶಾಕಿನ ಮೈವರೆಗೆ ಕೆಳಗೆ ತಳ್ಳಿ, ಎಂದಿನ ದಾರಿಯಲ್ಲಿ ಒಂದು ದಿನ ಓಡಿಸಿ ನೋಡಲಿ. ಟೈ ಮೇಲೇರಿ, ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ಬಂಪ್ ಸ್ಟಾಪಿನ ರಬ್ಬರಿಗೆ ತಾಗಿ ನಿಂತಿದ್ದರೆ ನಿಮ್ಮಲ್ಲಿ ತಗ್ಗಿಸಲು ಜಾಗ ಉಳಿದಿಲ್ಲ ಎಂದರ್ಥ. ನನ್ನ ಕತ್ತರಿಸಿದ ಸ್ಪ್ರಿಂಗುಗಳ ಗುಟ್ಟು ಬಯಲಾದದ್ದು ಹೀಗೆಯೇ. ತಿರುವಿನ ನಡುವೆ ಹೊರ ಸ್ಟ್ರಟ್ಟು ರಬ್ಬರಿಗೆ ಬಡಿದು ಗಟ್ಟಿತನ ಒಮ್ಮೆಲೇ ಹಲವು ಪಟ್ಟು ಏರುತ್ತಿತ್ತು, ಮುಂದಿನ ಟೈರು ಅದೇ ಕ್ಷಣದಲ್ಲಿ ಕೈಬಿಡುತ್ತಿತ್ತು. ಜೊತೆಗೆ ಸ್ಟ್ರಟ್ ಕಾರನ್ನು ತಗ್ಗಿಸಿದಾಗ ಅದರ ರೋಲ್ ಸೆಂಟರ್ (ಕಾರಿನ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಅದು) ಗುರುತ್ವ ಕೇಂದ್ರಕ್ಕಿಂತ ಹೆಚ್ಚು ಕೆಳಗಿಳಿಯುವುದರಿಂದ ವಾಲಿಸುವ ಸನ್ನೆಯೂ ಉದ್ದವಾಗುತ್ತದೆ.

ಶಾಕುಗಳ ವಿಷಯದಲ್ಲಿ ನೆನಪಿಡಬೇಕಾದದ್ದು, ಅವು ಕೆಲಸ ಮಾಡುವುದು ಕಾರಿನ ಮೈ ಅಲುಗುತ್ತಿರುವಾಗ ಮಾತ್ರ. ವಾಲಿ ಸ್ಥಿರವಾಗಿ ನಿಂತ ಮೇಲೆ, ವೃತ್ತದ ಪರೀಕ್ಷೆಯಲ್ಲಿರುವಂತೆ, ಸಮತೋಲವನ್ನು ನಿರ್ಧರಿಸುವುದು ಸ್ಪ್ರಿಂಗ್ ಮತ್ತು ಬಾರು. ಆದ್ದರಿಂದ ತೊಂದರೆ ತಿರುವಿಗೆ ಹೊಗುವಾಗಲೋ ಹೊರಬರುವಾಗಲೋ ಮಾತ್ರ ಕಂಡರೆ ಶಾಕನ್ನು ಮುಟ್ಟಿ, ನಡುವೆ ಕಂಡರೆ ಮುಟ್ಟಬೇಡಿ. ಹೊಂದಾಣಿಕೆಯ ಶಾಕುಗಳಿದ್ದರೆ ಪೂರ್ತಿ ಗಟ್ಟಿಗೆ ತಿರುಗಿಸಿ ಅಲ್ಲಿಂದ ಹಿಂದಕ್ಕೆ ಕ್ಲಿಕ್ ಎಣಿಸಿ, ಎರಡೆರಡು ಕ್ಲಿಕ್ಕಿನಂತೆ ಬದಲಿಸಿ. ಸಾಲಾದ ಹಂಪುಗಳ ಮೇಲೆ ಕಾರು ಮೇಲೇಳದೆ ಹೆಜ್ಜೆಹೆಜ್ಜೆಗೂ ಕೆಳಗೆ ಕುಸಿಯುತ್ತಿದ್ದರೆ ರಿಬೌಂಡ್, ಅಂದರೆ ಕುಗ್ಗಿದ ಶಾಕ್ ಮತ್ತೆ ಚಾಚಿಕೊಳ್ಳುವಾಗಿನ ತಡೆ, ಹೆಚ್ಚಾಗಿದೆ.

ಹೊರೆ ಹಾಕಿ ಮತ್ತೊಮ್ಮೆ

ಒಬ್ಬರೇ ಕೂತು ಮಾಡಿದ ಹದ ಮನೆಮಂದಿಯೆಲ್ಲ ಕೂತಾಗ ಹಾಗೆಯೇ ಇರುವುದಿಲ್ಲ. 15 ಕಿಲೋದ ಟೊಮೆಟೊ ಬಾಕ್ಸುಗಳನ್ನು ಆರು ತಂದು ಡಿಕ್ಕಿಯಲ್ಲಿಟ್ಟರೆ 90 ಕಿಲೋ, ಅದೂ ಹಿಂದಿನ ಅಚ್ಚಿನ ಮೇಲೆಯೋ ಅದರಾಚೆಯೋ. ತೋಟದಿಂದ ಮಂಡಿಗೆ ಹೀಗೆ ಸಾಗಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಆ ಹೊರೆಯೊಂದಿಗೆ ವೃತ್ತವನ್ನು 30ರವರೆಗೆ ಮಾತ್ರ ಸುತ್ತಿ ನೋಡಿ. ಟೇಪು ಮೊದಲಿಗಿಂತ ಹಿಂದಕ್ಕೆ ಸರಿದರೆ, ಅಂದರೆ ಕಡಿಮೆ ತಿರುಗಿಸಿದರೂ ಕಾರು ಒಳಕ್ಕೆ ಸೇರುತ್ತಿದ್ದರೆ, ಹಿಂಭಾಗ ಸಡಿಲವಾಗುತ್ತಿದೆ. ಬಾಗಿಲಿನ ಚೀಟಿಯಲ್ಲಿ ಪೂರ್ತಿ ಹೊರೆಗೆಂದು ಹಿಂದಿನ ಟೈರಿಗೆ ಬೇರೆ ಅಂಕಿ ಕೊಟ್ಟಿರುತ್ತಾರೆ, ಅದನ್ನು ಪಾಲಿಸಿ. ಹಾಕಿದ ಹಿಂದಿನ ಬಾರು ಈ ಹೊರೆಯಲ್ಲಿ ಹೆಚ್ಚೆನಿಸಿದರೆ ತೆಗೆದುಬಿಡಿ.

ತಯಾರಕರ ವಿವರಣೆಗೆ ಹೊರತಾದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಡೆ ಹಾಕುತ್ತದೆ. ಟೈರು, ಗಾಳಿ, ಬುಷ್, ಅಲೈನ್‌ಮೆಂಟ್ ಇವು ನಿರ್ವಹಣೆಯ ಕೆಲಸಗಳಾದ್ದರಿಂದ ಚಿಂತೆಯಿಲ್ಲ, ಸ್ಪ್ರಿಂಗ್ ಬದಲಿಸಿ ಎತ್ತರ ತಗ್ಗಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸಿಕೊಳ್ಳಿ.

ಕೊನೆಯ ಕೆಲಸ ಕ್ಯಾಂಬರ್ ಬೋಲ್ಟುಗಳದ್ದು. ಬಿಗಿದ ದಿನವೇ ಬೋಲ್ಟಿನ ತಲೆಯಿಂದ ಸ್ಟ್ರಟ್ಟಿನ ಮೈವರೆಗೆ ಬಿಳಿ ಬಣ್ಣದ ಗೆರೆಯೊಂದನ್ನು ಎಳೆದಿಡಿ. ಐನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರ ಬಿಚ್ಚಿ ನೋಡಿದಾಗ ಆ ಗೆರೆ ಮುರಿದಿದ್ದರೆ ಬೋಲ್ಟು ಜಾರಿದೆ. ಕ್ಯಾಂಬರಿನಿಂದ ಮತ್ತೆ ಶುರು ಮಾಡಿ.